ಓದುಗರ ಪ್ರಶ್ನೆ: ಚಾಲನಾ ಪರೀಕ್ಷೆ ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಮೈದಾನದೊಳಗೆ ಎಂಟರ ಆಕಾರದಲ್ಲಿ ಕಾರು ಸುತ್ತಿಸಿ, ರಿವರ್ಸ್ ತೆಗೆದು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಟು ಮೊದಲ ಸಲಕ್ಕೇ ಚಾಲನಾ ಪರೀಕ್ಷೆಯಲ್ಲಿ ಉತ್ತೀರ್ಣಳಾದೆ. ಆದರೆ ಲೈಸೆನ್ಸ್ ಬಂದ ಮೇಲೆ ಒಬ್ಬಳೇ ರಸ್ತೆಗಿಳಿದಾಗ, ವೃತ್ತವೊಂದರಲ್ಲಿ ಯಾರಿಗೆ ದಾರಿ ಬಿಡಬೇಕು, ಯಾವಾಗ ಮುಂದೆ ಹೋಗಬೇಕು ಎಂಬುದು ತೋಚದೆ ನಡುವೆಯೇ ನಿಂತುಬಿಟ್ಟೆ. ಇದು ನನ್ನ ಕೊರತೆಯೋ, ಪರೀಕ್ಷೆಯದೋ? ಪರೀಕ್ಷೆಯನ್ನು ಹೇಗೆ ಸುಧಾರಿಸಬಹುದು?

ಉತ್ತರ: ಪರೀಕ್ಷೆ ಏನನ್ನು ಕೇಳಿತೋ ಅದನ್ನು ನೀವು ಚೆನ್ನಾಗಿಯೇ ಕಲಿತಿದ್ದೀರಿ. ಅದು ಕೇಳದೆ ಬಿಟ್ಟದ್ದನ್ನು ನಿಮಗೆ ಯಾರೂ ಕಲಿಸಲಿಲ್ಲ, ಅಷ್ಟೆ. ಹಲವು ವರ್ಷ ಚಾಲನೆ ಕಲಿಸಿದವನಾಗಿ ಹೇಳುತ್ತೇನೆ: ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಕಲಿಸುವಂತೆ ಕಲಿಸುವವರ ಮೇಲೂ ಒತ್ತಡವಿರುತ್ತದೆ. ಆದ್ದರಿಂದ ಕಲಿಕೆ ಬದಲಾಗಬೇಕಾದರೆ ಮೊದಲು ಪರೀಕ್ಷೆಯೇ ಬದಲಾಗಬೇಕು.

ಕ್ಲಚ್, ಗೇರು, ಸ್ಟಿಯರಿಂಗ್‌ಗಳ ಮೇಲಿನ ಹಿಡಿತ ಕೆಲವೇ ವಾರಗಳಲ್ಲಿ ಬರುತ್ತದೆ. ತಡವಾಗಿ ಬರುವುದು ನೋಟ. ನನ್ನ ಬಳಿ ಕಲಿಯುತ್ತಿದ್ದ ಯುವಕನೊಬ್ಬ ಕಾರನ್ನು ಗೆರೆ ಎಳೆದಷ್ಟು ನೇರವಾಗಿ ಹಿಂದಕ್ಕೆ ತರುತ್ತಿದ್ದ. ಒಂದು ದಿನ ರಸ್ತೆಬದಿಯಲ್ಲಿ ನಿಂತಿದ್ದ ಬಸ್ಸಿನ ಪಕ್ಕದಲ್ಲಿ ವೇಗ ತಗ್ಗಿಸದೆ ಹೊರಟ. ಬಸ್ಸಿನ ಅಡಿಯಿಂದ, ಅದರ ಮುಂಭಾಗದಲ್ಲಿ, ಚಪ್ಪಲಿ ತೊಟ್ಟ ಎರಡು ಪುಟ್ಟ ಕಾಲುಗಳು ಕಾಣುತ್ತಿದ್ದವು. ಬ್ರೇಕ್ ಒತ್ತಿದವನು ನಾನು. ಅವನ ಕಣ್ಣು ಬಾನೆಟ್ಟಿನ ತುದಿಯನ್ನು ಬಿಟ್ಟು ಆಚೆ ಹೋಗಿರಲಿಲ್ಲ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದೇ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ ಎಂಬುದನ್ನು ನೆನೆದರೆ, ಅಪಾಯ ಒಂದು ಕ್ಷಣ ತಡವಾಗಿ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಮೈದಾನದ ಪರೀಕ್ಷೆಯಲ್ಲಾದರೆ ಆ ಯುವಕ ನಿಶ್ಚಯವಾಗಿ ಉತ್ತೀರ್ಣನಾಗುತ್ತಿದ್ದ.

ಈ ನೋಟವನ್ನು ಅಳೆಯಲು ಸಾಧ್ಯವಿದೆ. ಬ್ರಿಟನ್‌ನಲ್ಲಿ 2002ರಿಂದ ಲಿಖಿತ ಪರೀಕ್ಷೆಯ ಜೊತೆಗೆ ಅಪಾಯ ಗುರುತಿಸುವ ಪರೀಕ್ಷೆಯೂ ಇದೆ. ರಸ್ತೆಯ 14 ವಿಡಿಯೊ ತುಣುಕುಗಳನ್ನು ನೋಡುತ್ತಾ, ಅಪಾಯ ರೂಪುಗೊಳ್ಳತೊಡಗಿದ ಕೂಡಲೇ ಅಭ್ಯರ್ಥಿ ಬಟನ್ ಒತ್ತಬೇಕು. ಎಷ್ಟು ಬೇಗ ಗುರುತಿಸುತ್ತಾರೋ ಅಷ್ಟು ಹೆಚ್ಚು ಅಂಕ. ಅಲ್ಲಿನ ರಸ್ತೆ ಪರೀಕ್ಷೆಯಲ್ಲಿ ಹೆಜ್ಜೆಹೆಜ್ಜೆಗೂ ಪರೀಕ್ಷಕರ ಸೂಚನೆಯಿಲ್ಲದೆ, ಫಲಕಗಳನ್ನೋ ದಾರಿ ತೋರಿಸುವ ಸಾಧನವನ್ನೋ ಅನುಸರಿಸಿ ಕಾರು ಓಡಿಸುವ ಭಾಗವನ್ನು 2010ರಲ್ಲಿ ಸೇರಿಸಿ, 2017ರಲ್ಲಿ ಅದನ್ನು ಸುಮಾರು 20 ನಿಮಿಷಕ್ಕೆ ಹೆಚ್ಚಿಸಿದರು. ಸೂಚನೆ ಕೊಡುವವರು ಸುಮ್ಮನಾದಾಗಲೇ ಚಾಲಕರ ನಿರ್ಧಾರಶಕ್ತಿ ಬೆಳಕಿಗೆ ಬರುವುದರಿಂದ, ಎಲ್ಲ ಕಡೆಯೂ ಬರಬೇಕಾದ ಸುಧಾರಣೆಗಳಲ್ಲಿ ಇದು ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ನಾನು ಇನ್ನೊಂದನ್ನು ಸೇರಿಸುತ್ತೇನೆ: ಅಭ್ಯರ್ಥಿ ಐದು ನಿಮಿಷವಾದರೂ ತಾನು ಕಾಣುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಓಡಿಸಲಿ. "ಎಡಗಡೆ ಸೈಕಲ್ಲಿನವರು ಹಿಂತಿರುಗಿ ನೋಡಿದರು, ಬಹುಶಃ ಈ ಕಡೆ ತಿರುಗುತ್ತಾರೆ, ನಾನು ನಿಧಾನಿಸುತ್ತೇನೆ" ಎನ್ನಬಲ್ಲವರಿಗೆ ರಸ್ತೆ ಅರ್ಥವಾಗಿದೆ ಎಂದು ನಂಬಬಹುದು. ಇದಕ್ಕೆ ಯಂತ್ರ ಬೇಡ, ಹೊಸ ಮೈದಾನವೂ ಬೇಡ. ತರಬೇತಿ ಪಡೆದ, ತಾಳ್ಮೆಯುಳ್ಳ ಪರೀಕ್ಷಕರು ಬೇಕು.

ಇರುಳು ಮತ್ತು ಮಳೆಯನ್ನು ಪರೀಕ್ಷೆಯ ದಿನಕ್ಕೆ ಕರೆಸಲಾಗದು. ಆದಕಾರಣ ಅವು ಕಲಿಕೆಯ ಅವಧಿಯಲ್ಲೇ ಕಡ್ಡಾಯವಾಗಬೇಕು. ಜರ್ಮನಿಯಲ್ಲಿ ಕಾರು ಕಲಿಯುವವರು ಊರಾಚೆಯ ರಸ್ತೆ, ಹೆದ್ದಾರಿ ಮತ್ತು ಇರುಳಿನ ಚಾಲನೆಯ ಪಾಠಗಳನ್ನು ಮುಗಿಸದೆ ಪರೀಕ್ಷೆಗೆ ಕೂರುವಂತಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 25 ವರ್ಷದೊಳಗಿನ ಕಲಿಕಾರ್ಥಿಗಳು ಸಾಮಾನ್ಯವಾಗಿ 120 ಗಂಟೆಗಳ ಚಾಲನೆಯನ್ನು ದಾಖಲಿಸಬೇಕು, ಅದರಲ್ಲಿ 20 ಗಂಟೆ ಕತ್ತಲಿನದು. ಲೈಸೆನ್ಸ್ ದೊರೆತ ಮೊದಲ ತಿಂಗಳುಗಳಲ್ಲೇ ಅಪಘಾತದ ಸಂಭವ ಅತಿ ಹೆಚ್ಚಾಗಿರುವುದರಿಂದ, ನ್ಯೂಜಿಲೆಂಡ್ 1987ರಲ್ಲಿ ಆರಂಭಿಸಿದಂತೆ ಪರವಾನಗಿಯನ್ನು ಹಂತಹಂತವಾಗಿ ಕೊಡುವ ಕ್ರಮವೂ ವಿವೇಕದ್ದೇ.

ಪ್ರಶ್ನೆ: ನಾನು ಎರಡು ಸಲ ಅನುತ್ತೀರ್ಣನಾದೆ. ಎರಡು ಸಲವೂ "ಆಗಿಲ್ಲ, ಮತ್ತೆ ಬನ್ನಿ" ಎಂದರೇ ಹೊರತು ಕಾರಣ ಹೇಳಲಿಲ್ಲ. ಮೂರನೆಯ ಸಲ ಏನನ್ನು ತಿದ್ದಿಕೊಳ್ಳಲಿ?

ಉತ್ತರ: ಕಾರಣ ತಿಳಿಸದ ಪರೀಕ್ಷೆಯಿಂದ ಅಭ್ಯರ್ಥಿಗೆ ಭಯ ಮಾತ್ರ ಉಳಿಯುತ್ತದೆ. ಯಾವ ತಿರುವಿನಲ್ಲಿ, ಯಾವ ತಪ್ಪು, ಅದು ಸಣ್ಣದೋ ಅಪಾಯಕಾರಿಯೋ ಎಂಬುದನ್ನು ಬರವಣಿಗೆಯಲ್ಲಿ ಕೊಡುವುದು ನಿಯಮವಾಗಬೇಕು. ಪರೀಕ್ಷಕರಿಂದ ಪರೀಕ್ಷಕರಿಗೆ ಅಳತೆಗೋಲು ಬದಲಾಗುವುದನ್ನೂ ಅದು ತಡೆಯುತ್ತದೆ. ಸದ್ಯಕ್ಕೆ ನೀವು ವಿನಯದಿಂದಲೇ ಕಾರಣ ಕೇಳಿ, ಅಲ್ಲೇ ಬರೆದುಕೊಳ್ಳಿ. ಹೇಳದಿದ್ದರೆ, ಅನುಭವಿ ಚಾಲಕರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಓಡಿಸಿ, ತಿರುಗುವ ಮುನ್ನ ನೀವು ಎಷ್ಟು ಸಲ ಕನ್ನಡಿ ನೋಡಿದಿರಿ ಎಂದು ಅವರಿಂದ ಎಣಿಸಿಕೊಳ್ಳಿ. ನಾನು ಕಂಡಂತೆ, ಇನ್ನೇನು ಕಲಿತರು ಎನ್ನುವವರೂ ಹೆಚ್ಚಾಗಿ ಸೋಲುವುದು ಅಲ್ಲಿಯೇ.