ವಿಮಾನ ಬರಲಿ ಮೇಷ್ಟ್ರೇ, ಡಾಕ್ಟರನ್ನೂ ಕರೆತರಲಿ

ಓದುಗರ ಪತ್ರ: "ಶಿವಮೊಗ್ಗದ ಸೋಗಾನೆಯಲ್ಲಿ ಅಷ್ಟುದ್ದದ ರನ್‌ವೇ ಇದೆ. ದಿನಕ್ಕೆ ಬೆರಳೆಣಿಕೆಯ ವಿಮಾನ ಬಂದು ಹೋಗುತ್ತವೆ, ಉಳಿದ ಹೊತ್ತು ಸುಮ್ನೆ ಖಾಲಿ. ಅಲ್ಲೊಂದು ಏರ್ ಆಂಬುಲೆನ್ಸ್ ಯಾಕೆ ಇಡಬಾರದು? ಹೇಗಿದ್ದರೂ ಶಿವಮೊಗ್ಗದಲ್ಲಿ ಏನೂ ಆಗುವುದಿಲ್ಲ, ಕೊನೆಗೆ ಬೆಂಗಳೂರಿಗೇ ಹೋಗಬೇಕು. ನಿಮ್ಮ ಪತ್ರಿಕೆ ಇದಕ್ಕೆ ದನಿ ಕೊಡಲಿ." — ನಿವೃತ್ತ ಶಿಕ್ಷಕರು, ಹೊಸನಗರ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನೀವು ಕೇಳಿದ್ದು ನ್ಯಾಯವಾಗಿದೆ. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ನಿಲ್ದಾಣ, ಕುವೆಂಪು ಹೆಸರು, 3,200 ಮೀಟರ್ ರನ್‌ವೇ. ಆಂಬುಲೆನ್ಸ್ ಆಗಿ ಹಾರುವ ಕಿಂಗ್ ಏರ್‌ನಂಥ ಚಿಕ್ಕ ವಿಮಾನಕ್ಕೆ ಅದರ ಅರ್ಧವೂ ಬೇಡ. ಮೈ ತುಂಬ ಸುಟ್ಟುಕೊಂಡವರು, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳು, ಅಂಗಾಂಗ ಕಸಿಗೆ ಕಾದಿರುವವರು, ಇವರಿಗೆಲ್ಲ ವಿಮಾನ ಆಸರೆ ಆಗುತ್ತದೆ. ಮಧ್ಯಪ್ರದೇಶ ಸರ್ಕಾರ 2024ರಲ್ಲಿ ಏರ್ ಆಂಬುಲೆನ್ಸ್ ಶುರು ಮಾಡಿ ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಉಚಿತ ಅಂದಿತು. ನಮ್ಮಲ್ಲೂ ಬರಲಿ. ಬಡವರಿಗೂ ಸಿಗುವ ಹಾಗೆ ಬರಲಿ.

ಆದರೆ ನಿಮ್ಮ ಪತ್ರದ ಒಂದು ಸಾಲು ನನಗೆ ನುಂಗಲಾಗಲಿಲ್ಲ. "ಶಿವಮೊಗ್ಗದಲ್ಲಿ ಏನೂ ಆಗುವುದಿಲ್ಲ." ಇಷ್ಟು ವರ್ಷ ಮಲೆನಾಡಿನ ಮಕ್ಕಳಿಗೆ ಪಾಠ ಹೇಳಿದ ನೀವೇ ಹೀಗೆ ಬರೆದರೆ ಹೇಗೆ? ನಿಮ್ಮ ಕೈಯಲ್ಲಿ ಕಲಿತವರಲ್ಲಿ ಒಬ್ಬರಾದರೂ ಡಾಕ್ಟರ್ ಆಗಿಲ್ಲವಾ? ಅವರು ಈಗ ಎಲ್ಲಿದ್ದಾರೆ? ನನ್ನ ಸಂಕಟ ಇರುವುದೇ ಅಲ್ಲಿ.

ಮೊದಲು ಲೆಕ್ಕ ಹಾಕೋಣ. ಶಿವಮೊಗ್ಗದಿಂದ ಬೆಂಗಳೂರಿಗೆ ಹಾರಾಟ ಒಂದು ಗಂಟೆ, ಸರಿ. ಆದರೆ ಆ ಒಂದು ಗಂಟೆಗೆ ಮೊದಲು ಎಷ್ಟು ಕೆಲಸ ಇದೆ ನೋಡಿ. ಅಲ್ಲಿನ ಆಸ್ಪತ್ರೆ ಹಾಸಿಗೆ ಇದೆ ಅನ್ನಬೇಕು. ರೋಗಿ ಹಾರಾಟ ತಡೆದುಕೊಳ್ಳುತ್ತಾನೆ ಅಂತ ಇಲ್ಲಿನ ಡಾಕ್ಟರ್ ಬರೆದುಕೊಡಬೇಕು. ವಿಮಾನ ಬೇರೆ ಊರಲ್ಲಿದ್ದರೆ ಖಾಲಿ ಹಾರಿ ಇಲ್ಲಿಗೆ ಬರಬೇಕು. ಆಸ್ಪತ್ರೆಯಿಂದ ಸೋಗಾನೆಗೆ ಒಂದು ಆಂಬುಲೆನ್ಸ್, ಅಲ್ಲಿ ಇಳಿದ ಮೇಲೆ ಬೆಂಗಳೂರಿನ ಟ್ರಾಫಿಕ್‌ನಲ್ಲಿ ಇನ್ನೊಂದು. ಎಲ್ಲ ಸೇರಿದರೆ ನಾಲ್ಕೈದು ಗಂಟೆ ಸಲೀಸಾಗಿ ಕಳೆಯುತ್ತದೆ. ಪಾರ್ಶ್ವವಾಯು ಬಡಿದವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವುದೇ ನಾಲ್ಕೂವರೆ ಗಂಟೆ! ಅದು ಶಿವಮೊಗ್ಗದಲ್ಲೇ ಸಿಗಬೇಕು, ಸಾಧ್ಯವಾದರೆ ಹೊಸನಗರದಲ್ಲೇ. ಇನ್ನು ರಾತ್ರಿ ಹೊತ್ತು, ಆಷಾಢದ ಮೋಡ, ಬೆಳಗಿನ ಮಂಜು ನಿಮಗೆ ನಾನು ಹೇಳಬೇಕಿಲ್ಲ. ನಿಲ್ದಾಣ ಶುರುವಾದಾಗ ಅಲ್ಲಿ ರಾತ್ರಿ ಇಳಿಯುವ ವ್ಯವಸ್ಥೆಯೇ ಇರಲಿಲ್ಲ.

ಮೇಲೆ ಹಾರಿದರೆ ದೇಹಕ್ಕೆ ಏನಾಗುತ್ತದೆ ಅನ್ನುವುದನ್ನೂ ಜನ ಯೋಚಿಸುವುದಿಲ್ಲ. ವಿಮಾನದ ಒಳಗಿನ ಗಾಳಿ ಸಾಮಾನ್ಯವಾಗಿ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯ ಹಾಗೆ ತೆಳ್ಳಗಿರುತ್ತದೆ. ಉಸಿರಿಗೆ ಮೊದಲೇ ಕಷ್ಟಪಡುವವರಿಗೆ ಆಮ್ಲಜನಕ ಇನ್ನೂ ಕಡಿಮೆ. ಅಪಘಾತದಲ್ಲಿ ಪಕ್ಕೆಲುಬು ಮುರಿದು ಎದೆಯೊಳಗೆ ಗಾಳಿ ಸೇರಿಕೊಂಡಿದ್ದರೆ ಆ ಗಾಳಿ ಹಿಗ್ಗುತ್ತದೆ, ಶ್ವಾಸಕೋಶ ಅಮುಕುತ್ತದೆ. ಹಾರುವ ಮೊದಲೇ ಎದೆಗೆ ನಳಿಕೆ ಹಾಕಿ ಅದನ್ನು ತೆಗೆಯಬೇಕು. ಅದನ್ನು ಹಾಕುವವರು ಯಾರು? ಇಲ್ಲಿನ ಡಾಕ್ಟರೇ ಅಲ್ವಾ? ವಿಮಾನ ಹತ್ತಿಸುವುದಕ್ಕೂ ಊರಲ್ಲಿ ಒಳ್ಳೆಯ ಆಸ್ಪತ್ರೆ ಬೇಕು, ಮೇಷ್ಟ್ರೇ.

ನನ್ನ ಮನೆಯದ್ದೇ ಒಂದು ಸಂಗತಿ ಹೇಳುತ್ತೇನೆ. ತುಂಬ ವರ್ಷ ಆಯಿತು. ನಮ್ಮ ಭಾವನಿಗೆ ರಾತ್ರಿ ಊಟ ಮಾಡುವಾಗ ಕೈ ಸೋತಿತು, ಮಾತು ತೊದಲಿತು. ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆದೊಯ್ದೆವು. ಡ್ಯೂಟಿಯಲ್ಲಿದ್ದ ಹುಡುಗ ಡಾಕ್ಟರ್ ನೋಡಿ, "ಬೆಂಗಳೂರಿಗೆ ಬರ್ಕೊಡ್ತೀನಿ" ಅಂದ. ಅವನನ್ನು ಬೈಯಲಾರೆ. ಕೇಳಿ ತಿಳಿಯಲು ದೊಡ್ಡ ಡಾಕ್ಟರ್ ಯಾರೂ ಆ ಹೊತ್ತಿಗೆ ಇರಲಿಲ್ಲ. ಭದ್ರಾವತಿ, ತರೀಕೆರೆ, ಕಡೂರು ದಾಟಿದೆವು. ಅರಸೀಕೆರೆ ಹತ್ತಿರ ಬರುವಾಗ ಆಕ್ಸಿಜನ್ ಸಿಲಿಂಡರ್‌ನ ಮುಳ್ಳು ಕೆಳಗಿಳಿಯಿತು. ಅಕ್ಕ ಆ ಮುಳ್ಳನ್ನೇ ನೋಡುತ್ತ ಕೂತಿದ್ದಳು, ನನ್ನ ಮುಖ ನೋಡಲಿಲ್ಲ. ಬೆಳಗಿನ ಜಾವ ಬೆಂಗಳೂರು ಮುಟ್ಟಿದರೆ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ! ಗೇಟಿನ ಮುಂದೆ ಒಂದೂವರೆ ಗಂಟೆ ನಿಂತೆವು. ಭಾವ ಉಳಿದರು, ಬಲಗೈ ಬರಲಿಲ್ಲ. ಅವತ್ತು ವಿಮಾನ ಇದ್ದಿದ್ದರೆ ಗೇಟಿನ ಮುಂದೆ ಬೇಗ ಹೋಗಿ ನಿಲ್ಲುತ್ತಿದ್ದೆವು, ಅಷ್ಟೇ.

ಆಮೇಲೆ ಈ ವಿಷಯ ಎಲ್ಲಿ ಸಿಕ್ಕಿದರೂ ಓದುತ್ತೇನೆ. ಆಸ್ಟ್ರೇಲಿಯಾದ 'ಹಾರುವ ವೈದ್ಯರು' ಬಗ್ಗೆ ಓದಿದಾಗಂತೂ ಎದೆ ತುಂಬಿ ಬಂತು. 1928ರ ಮೇ ತಿಂಗಳು, ಕ್ಲೋನ್‌ಕರಿ ಎಂಬ ಸಣ್ಣ ಊರು. ಜಾನ್ ಫ್ಲಿನ್ ಎಂಬ ಪಾದ್ರಿಯ ಹಲವು ವರ್ಷಗಳ ಹಟ. ಕ್ವಾಂಟಾಸ್ ಕಂಪನಿಯಿಂದ ಬಾಡಿಗೆಗೆ ತಂದ ಒಂದು ವಿಮಾನ. ಅದರಲ್ಲಿ ಕೂತು ಹೊರಟದ್ದು ಡಾಕ್ಟರ್! ಕುರಿ ಕಾಯುವವರ, ಗಣಿ ಕೆಲಸದವರ ಹತ್ತಿರಕ್ಕೆ ಡಾಕ್ಟರೇ ಹಾರಿ ಹೋದರು. ವಿಮಾನವೊಂದಿದ್ದರೆ ಸಾಲದು ಅಂತ ಫ್ಲಿನ್‌ಗೆ ಗೊತ್ತಿತ್ತು, ಕರೆಯುವುದಕ್ಕೆ ದಾರಿ ಬೇಕಲ್ಲ? ಆಲ್ಫ್ರೆಡ್ ಟ್ರೇಗರ್ ಎಂಬಾತ ಕಾಲಲ್ಲಿ ತುಳಿದು ವಿದ್ಯುತ್ ಮಾಡಿಕೊಳ್ಳುವ ರೇಡಿಯೊ ಮಾಡಿಕೊಟ್ಟ. ಹಾಗಾಗಿ ಕರೆಂಟ್ ಇಲ್ಲದ ಒಂಟಿ ಮನೆಯಿಂದಲೂ ಡಾಕ್ಟರನ್ನು ಕರೆಯಬಹುದಿತ್ತು.

ನಮ್ಮಲ್ಲಿ? ನಿಮ್ಮ ತಾಲ್ಲೂಕಿನ ಎಷ್ಟೋ ಮನೆಯವರು 108ಕ್ಕೆ ಫೋನ್ ಮಾಡಲು ಇವತ್ತಿಗೂ ಗುಡ್ಡ ಹತ್ತಬೇಕು. ನೆಟ್‌ವರ್ಕ್ ಕೊಡಿ, ಇಲ್ಲಾಂದ್ರೆ ಓಟು ಹಾಕಲ್ಲ ಅಂತ ಮಲೆನಾಡಿನ ಜನ ಬೋರ್ಡು ಹಿಡಿದು ಕೂತದ್ದು ಯಾರಿಗೆ ನೆನಪಿದೆ? ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರ ಕಥೆ ಇನ್ನೂ ಘೋರ. ಲಿಂಗನಮಕ್ಕಿ ಅಣೆಕಟ್ಟಲ್ಲಿ ನೀರು ನಿಲ್ಲಿಸಿ ನಾಡಿಗೆಲ್ಲ ಬೆಳಕು ಕೊಟ್ಟೆವು. ಆ ನೀರಿನಾಚೆ ಉಳಿದವರು ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಲಾಂಚ್ ಕಾಯಬೇಕಿತ್ತು, ಸಂಜೆ ಲಾಂಚ್ ನಿಂತ ಮೇಲೆ ಸುತ್ತು ದಾರಿ ಹಿಡಿಯಬೇಕಿತ್ತು. ಅರವತ್ತು ವರ್ಷ ಕಳೆದ ಮೇಲೆ, 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಆಯಿತು. ನನ್ನ ಕಣ್ಣಿಗೆ ಆ ಸೇತುವೆಯೇ ದೊಡ್ಡ ಆಂಬುಲೆನ್ಸ್.

ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಮೊದಲು ಗುರುತಿಸಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ. ಜಗತ್ತೇ ಆ ಕಾಯಿಲೆಯನ್ನು ನಮ್ಮೂರ ಹೆಸರಲ್ಲಿ ಕರೆಯುತ್ತದೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಅದೇ ಕಾಯಿಲೆಯಿಂದ ಜನ ಸಾಯುವಾಗ ರೋಗಿಗಳನ್ನು ಘಾಟಿ ಇಳಿಸಿ ಮಣಿಪಾಲಕ್ಕೆ ಹೊತ್ತೊಯ್ದೆವು. ಅಷ್ಟು ವರ್ಷದಲ್ಲಿ ಆ ಕಾಯಿಲೆಗೆ ಬೇಕಾದ ತೀವ್ರ ನಿಗಾ ಘಟಕವನ್ನು ಸಾಗರದಲ್ಲಿ ಗಟ್ಟಿಯಾಗಿ ಕಟ್ಟಬಹುದಿತ್ತು. ಯಾರೂ ಕೇಳಲಿಲ್ಲ. ಕೇಳಿದ್ದೆಲ್ಲ ಇನ್ನೊಂದು ವಾಹನ.

ಇಲ್ಲಿ ಏನೂ ಆಗುವುದಿಲ್ಲ ಅನ್ನುವುದು ನಿಜವೂ ಅಲ್ಲ. ಹೃದಯಾಘಾತಕ್ಕೆ ಶಿವಮೊಗ್ಗದಲ್ಲೇ ಸ್ಟೆಂಟ್ ಹಾಕುತ್ತಾರೆ. ಪುನೀತ್ ರಾಜ್‌ಕುಮಾರ್ ಹೆಸರಿನ 'ಹೃದಯ ಜ್ಯೋತಿ' ಯೋಜನೆ 2023ರಲ್ಲಿ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ದೂರದಲ್ಲಿರುವ ತಜ್ಞರಿಂದ ಓದಿಸಿ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆ ಕೊಡುವ ಏರ್ಪಾಡು. ಆ ಮೊದಲ ಇಂಜೆಕ್ಷನ್‌ಗಾಗಿ ರೋಗಿ ದೂರ ಹೋಗಬೇಕಿಲ್ಲ, ಬುದ್ಧಿ ಮತ್ತು ಔಷಧ ಅವನಿದ್ದಲ್ಲಿಗೆ ಬರುತ್ತವೆ. ನಾನು ಬಯಸುವುದು ಇದೇ. ಇದರ ಹೆಸರಲ್ಲಿ ಯಾಕೆ ಯಾರೂ ಅಭಿಯಾನ ಮಾಡುವುದಿಲ್ಲ? ವಿಮಾನ ಅಂದರೆ ಫೋಟೊ ಬರುತ್ತದೆ, ಇಂಜೆಕ್ಷನ್ ಅಂದರೆ ಬರುವುದಿಲ್ಲ.

ನಮ್ಮ ಮಕ್ಕಳು ಓದಲು ಬೆಂಗಳೂರು, ಕೆಲಸಕ್ಕೆ ಬೆಂಗಳೂರು, ಈಗ ಬದುಕಿ ಉಳಿಯಲೂ ಬೆಂಗಳೂರು. ಹೋಗುವ ದಾರಿ ಸಲೀಸಾದಷ್ಟೂ ಇಲ್ಲಿ ಉಳಿಯುವವರು ಕಡಿಮೆ ಆಗುತ್ತಿದ್ದಾರೆ. ಅದಕ್ಕೇ ಹೇಳುತ್ತೇನೆ, ಸೋಗಾನೆಗೆ ವಿಮಾನ ಬಂದರೆ ಅದು ಎರಡೂ ಕಡೆ ಹಾರಲಿ. ವಾರಕ್ಕೊಮ್ಮೆ ನಿಮ್ಹಾನ್ಸ್‌ನ ನರರೋಗ ತಜ್ಞರನ್ನು, ಮಕ್ಕಳ ಹೃದಯದ ತಜ್ಞರನ್ನು ಇಳಿಸಲಿ. ಅವರು ಇಲ್ಲಿನ ಹುಡುಗ ಡಾಕ್ಟರ್‌ಗಳ ಪಕ್ಕ ನಿಂತು ರೋಗಿ ನೋಡಲಿ. ಮುಂದಿನ ಸಲ ನಡುರಾತ್ರಿ ಯಾರದೋ ಕೈ ಸೋತಾಗ ಆ ಹುಡುಗ ಹೆದರದೆ ಇಂಜೆಕ್ಷನ್ ಕೈಗೆತ್ತಿಕೊಳ್ಳಲಿ.

ನಿಮ್ಮ ಪತ್ರಕ್ಕೆ ದನಿ ಕೊಡುತ್ತೇವೆ, ಖಂಡಿತ. ಅದಕ್ಕೆ ಮೊದಲು ನನಗೊಂದು ಉಪಕಾರ ಮಾಡಿ. ನಿಮ್ಮ ಮನೆ ಅಂಗಳದಿಂದ ಹೊಸನಗರದ ಆಸ್ಪತ್ರೆಗೆ ಮಳೆಗಾಲದ ರಾತ್ರಿ ಎಷ್ಟು ಹೊತ್ತು ಬೇಕು, 108 ಬರಲು ಎಷ್ಟು ಹೊತ್ತು ಹಿಡಿಯಿತು, ಹೋದಾಗ ಯಾವ ಡಾಕ್ಟರ್ ಇದ್ದರು, ಯಾವ ಔಷಧ ಇರಲಿಲ್ಲ, ನಿಮ್ಮ ಸುತ್ತಿನ ಹತ್ತು ಮನೆಯವರನ್ನು ಕೇಳಿ ಬರೆದು ಕಳಿಸಿ. ನಿಮ್ಮ ಅಕ್ಷರ ದುಂಡಗಿದೆ, ಹಾಗೇ ಅಚ್ಚು ಹಾಕುತ್ತೇವೆ.