ಬೇಡವಾದ ಮದ್ದುಗುಂಡು ವಿಲೇವಾರಿ ಮಾಡಲು, ಅದನ್ನು ತುಂಬಿ ಸಮುದ್ರದಲ್ಲಿ ಮುಳುಗಿಸಿದ ಹಡಗು ಆಳದಲ್ಲಿ ಸಿಡಿಯಿತೋ ಇಲ್ಲವೋ ಎಂದು ಹೇಗೆ ಗೊತ್ತಾಗುತ್ತದೆ?

ಸದ್ದು ಕೇಳಿಯೇ. ಆಳದ ನೀರಲ್ಲಿ ಬೆಳಕು ಓಡಾಡದು, ಸದ್ದು ಸಾವಿರಾರು ಕಿಲೋಮೀಟರ್ ಹೋಗುತ್ತದೆ. ಅದನ್ನು ಹಿಡಿಯಲು ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕು, ಬೇಕು. ಬೇರೆ ಬೇರೆ ಕಡೆಯ ಮೈಕುಗಳಿಗೆ ಸದ್ದು ಎಷ್ಟು ಹಿಂದೆಮುಂದೆ ತಲುಪಿತು ಎಂದು ನೋಡಿದರೆ ಜಾಗವೂ ಸಿಗುತ್ತದೆ.

ಅಷ್ಟು ದೂರ ಹೇಗೆ ಹೋಗುತ್ತದೆ ಅಂದ್ರೆ, ಸದ್ದಿನ ವೇಗ ಮೇಲಿನ ಬಿಸಿ ನೀರಲ್ಲಿ ಜಾಸ್ತಿ, ತಳದ ಒತ್ತಡದಲ್ಲೂ ಜಾಸ್ತಿ. ನಡುವೆ, ಎಷ್ಟೋ ಕಡೆ ಸುಮಾರು 1000 ಮೀಟರ್ ಆಳದಲ್ಲಿ, ಅತಿ ಕಡಿಮೆ. ಸದ್ದು ಯಾವಾಗಲೂ ನಿಧಾನದ ಪದರದ ಕಡೆಗೇ ಬಾಗುವುದರಿಂದ, ಕಾಲುವೆಯ ನೀರಿನಂತೆ ಅದರೊಳಗೇ ಸಾಗುತ್ತದೆ.

ನನಗೆ ಇಷ್ಟವಾಗುವ ಭಾಗ ಇದು: ಸ್ಫೋಟದ ಸದ್ದು ಒಂದೇ ಅಲ್ಲ. 'ಧಡ್' ಎಂದ ಮೇಲೆ ಅನಿಲದ ಗುಳ್ಳೆ ಉಬ್ಬುತ್ತದೆ, ನೀರಿನ ಒತ್ತಡಕ್ಕೆ ಕುಗ್ಗುತ್ತದೆ, ಆಗ ಇನ್ನೊಂದು 'ಧಡ್'. ಆಳ ಹೆಚ್ಚಿದಷ್ಟೂ ಇವೆರಡರ ನಡುವಿನ ಅಂತರ ಕಡಿಮೆ. ಸಿಡಿಮದ್ದು ಹೆಚ್ಚಿದಷ್ಟೂ ಅಂತರ ಜಾಸ್ತಿ. ಆಳ ಗೊತ್ತಿದ್ದರೆ ಎಷ್ಟು ಮದ್ದು ಸಿಡಿಯಿತು ಎಂದು ಲೆಕ್ಕ ಹಾಕಬಹುದು.

ಅಮೆರಿಕ 1964ರಿಂದ 1970ರವರೆಗೆ 'ಚೇಸ್' ಎಂಬ ಕಾರ್ಯಾಚರಣೆಯಲ್ಲಿ ಹೀಗೆ ಹಳೆ ಹಡಗುಗಳನ್ನು ಮುಳುಗಿಸಿತು. 1964ರ ಸೆಪ್ಟೆಂಬರ್‌ನಲ್ಲಿ 'ವಿಲೇಜ್' ಎಂಬ ಹಡಗು ಮುಳುಗಿ ಸುಮಾರು ಐದು ನಿಮಿಷಕ್ಕೆ ತಾನಾಗಿಯೇ ಸಿಡಿಯಿತು. ಯಾರೂ ನಿರೀಕ್ಷಿಸಿರಲಿಲ್ಲ! ದೂರದೂರದ ಭೂಕಂಪ ಮಾಪಕಗಳಲ್ಲೂ ಅದು ದಾಖಲಾಯಿತು.

ಸಿಡಿಯದೆ ಸುಮ್ನೆ ಬಿದ್ದಿರುವ ಹಡಗಿಗೆ ಈ ಉಪಾಯ ನಡೆಯಲ್ಲ. ಅಲ್ಲಿ ನಾವೇ ಸದ್ದು ಕಳಿಸಿ, ಮರಳುವ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಸೋನಾರ್ ಬೇಕು.