‘ಕರುಣಾಳು ಬಾ ಬೆಳಕೆ’ ಮೂಲ ಕವಿಯ ಮುಖ ಯಾವುದು?

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಬೆಳಗಿನ ಪ್ರಾರ್ಥನೆಗೆ ಮಕ್ಕಳಿಂದ ‘ಕರುಣಾಳು ಬಾ ಬೆಳಕೆ’ ಹಾಡಿಸುತ್ತೇವೆ. ಕನ್ನಡಕ್ಕೆ ತಂದ ಬಿ.ಎಂ.ಶ್ರೀ ಅವರ ಫೋಟೊ ಗೋಡೆಯ ಮೇಲಿದೆ. ಪಕ್ಕದಲ್ಲಿ ಮೂಲ ಕವಿ ಜಾನ್ ಹೆನ್ರಿ ನ್ಯೂಮನ್ ಅವರದ್ದೂ ಇರಲಿ ಅಂತ ಇಂಟರ್ನೆಟ್‌ನಲ್ಲಿ ಹುಡುಕಿದೆ. ಒಂದು ಚಿತ್ರದಲ್ಲಿ ಕೆಂಪು ನಿಲುವಂಗಿ ತೊಟ್ಟ ಮುದುಕರು. ಇನ್ನೊಂದರಲ್ಲಿ ನಡುವಯಸ್ಸಿನವರು, ಅದಕ್ಕೆ ಬಣ್ಣವೂ ಇಲ್ಲ. ಇಬ್ಬರೂ ಒಬ್ಬರೇನಾ? ಯಾವುದನ್ನು ಪ್ರಿಂಟ್ ಹಾಕಿಸಲಿ?

ಉತ್ತರ: ಇಬ್ಬರೂ ಒಬ್ಬರೇ, ಮೇಡಂ. ಆದರೆ ನನ್ನನ್ನು ಕೇಳಿದರೆ ಕೆಂಪು ಬಟ್ಟೆಯ ಚಿತ್ರ ಬೇಡ. ಅದು ಚೆನ್ನಾಗಿಲ್ಲ ಅಂತಲ್ಲ, ಬಹಳ ಚೆನ್ನಾಗಿದೆ. ಆದರೆ ಹಾಡು ಬರೆದ ವಯಸ್ಸಿಗೂ ಆ ಮುಖಕ್ಕೂ ಸುಮಾರು ಐವತ್ತು ವರ್ಷದ ಅಂತರವಿದೆ.

ಹಾಡು ಹುಟ್ಟಿದ್ದು 1833ರ ಜೂನ್‌ನಲ್ಲಿ. ನ್ಯೂಮನ್‌ಗೆ ಆಗ 32 ವರ್ಷ. ಆಕ್ಸ್‌ಫರ್ಡ್‌ನ ಸೇಂಟ್ ಮೇರಿ ಚರ್ಚಿನಲ್ಲಿ ಪಾದ್ರಿ, ಇಂಗ್ಲೆಂಡಿನ ಆಂಗ್ಲಿಕನ್ ಪಂಥದವರು. ಸಿಸಿಲಿಗೆ ಹೋಗಿದ್ದಾಗ ಜ್ವರ ಬಂದು ಸಾವಿನ ಬಾಗಿಲು ತಟ್ಟಿ ಬಂದಿದ್ದರು. ಸ್ವಲ್ಪ ಚೇತರಿಸಿಕೊಂಡ ಮೇಲೆ ಪಲೆರ್ಮೊದಲ್ಲಿ ಕಿತ್ತಳೆ ಹಣ್ಣು ತುಂಬಿದ ಒಂದು ಹಾಯಿ ಹಡಗು ಹತ್ತಿದರು. ಕಾರ್ಸಿಕಾ, ಸಾರ್ಡೀನಿಯಾ ದ್ವೀಪಗಳ ನಡುವೆ ಗಾಳಿಯೇ ನಿಂತುಹೋಯಿತು. ಹಡಗು ಅಲುಗಾಡಲಿಲ್ಲ. ನಿಮ್ಮ ಮಕ್ಕಳು ದಿನಾ ಹಾಡುವ ‘ಮನೆ ದೂರ’ ಅನ್ನೋ ಮಾತು ಸುಮ್ನೆ ಬಂದದ್ದಲ್ಲ, ಅಲ್ವಾ?

ಆ ಮನುಷ್ಯನಿಗೆ ಹತ್ತಿರವಾದ ಮುಖ ಇರುವುದು ನೀವು ನೋಡಿದ ಎರಡನೇ ಚಿತ್ರದಲ್ಲಿ. ಅದು ಜಾರ್ಜ್ ರಿಚ್ಮಂಡ್ 1844ರಲ್ಲಿ ಚಾಕ್‌ನಿಂದ ಬರೆದದ್ದು, ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಮೂಗನ್ನು ನೋಡಿ. ಎಂಥಾ ಮೂಗು! ಆಕ್ಸ್‌ಫರ್ಡ್‌ನಲ್ಲಿ ಅವರನ್ನು ಕಣ್ಣಾರೆ ಕಂಡಿದ್ದ ಇತಿಹಾಸಕಾರ ಜೇಮ್ಸ್ ಆಂಟನಿ ಫ್ರೌಡ್ ಈ ಮುಖವನ್ನು ಜೂಲಿಯಸ್ ಸೀಸರ್‌ಗೆ ಹೋಲಿಸಿದ್ದರು.

ಚಿತ್ರ ಬರೆದ ಹೊತ್ತೂ ಮುಖ್ಯ. ನ್ಯೂಮನ್ ಹಿಂದಿನ ವರ್ಷವೇ ಸೇಂಟ್ ಮೇರಿ ಬಿಟ್ಟಿದ್ದರು. ಆಕ್ಸ್‌ಫರ್ಡ್ ಪಕ್ಕದ ಲಿಟಲ್‌ಮೋರ್ ಹಳ್ಳಿಯಲ್ಲಿ ಓದು, ಪ್ರಾರ್ಥನೆ ಅಂತ ಇದ್ದರು. ಆಂಗ್ಲಿಕನ್ ಪಂಥ ಬಿಟ್ಟು ಕ್ಯಾಥೊಲಿಕ್ ಆಗಬೇಕೋ ಬೇಡವೋ ಅಂತ ಒಳಗೆ ತೀರ್ಮಾನ ಇನ್ನೂ ಆಗಿರಲಿಲ್ಲ. 1845ರ ಅಕ್ಟೋಬರ್ 9ರಂದು ಅಲ್ಲೇ ಇಟಲಿಯ ಪಾದ್ರಿ ಡೊಮಿನಿಕ್ ಬಾರ್ಬೆರಿ ಅವರಿಂದ ರೋಮ್‌ನ ಪೋಪ್ ಮುಖ್ಯಸ್ಥರಾಗಿರುವ ಕ್ಯಾಥೊಲಿಕ್ ಸಭೆಗೆ ಸೇರಿದರು. ಅದಕ್ಕೆ ಕೊಟ್ಟ ಬೆಲೆ ಸಣ್ಣದಲ್ಲ. ಎಷ್ಟೋ ಸ್ನೇಹ ಮುರಿದುಬಿತ್ತು. 1846ರಲ್ಲಿ ಆಕ್ಸ್‌ಫರ್ಡ್ ಬಿಟ್ಟವರು ಮತ್ತೆ ಅಲ್ಲಿಗೆ ಕಾಲಿಟ್ಟದ್ದು 1878ರಲ್ಲಿ. ಇದೆಲ್ಲ ಗೊತ್ತಾದ ಮೇಲೆ ರಿಚ್ಮಂಡ್ ಚಿತ್ರದ ಆ ಕಣ್ಣುಗಳನ್ನು ಇನ್ನೊಮ್ಮೆ ನೋಡಿ. ‘ಒಂದು ಹೆಜ್ಜೆ ಕಂಡರೆ ಸಾಕು’ ಅಂತ ಬೇಡಿಕೊಂಡವರ ಮುಖ ನನಗೆ ಅಲ್ಲೇ ಕಾಣುತ್ತದೆ.

ಮತಾಂತರದ ನಂತರದ ಚಿತ್ರಗಳೂ ಬೇಕಾದಷ್ಟಿವೆ. ಗೆಳತಿ ಮರಿಯಾ ಜಿಬರ್ನ್ ರೋಮ್‌ನಲ್ಲಿದ್ದ ನ್ಯೂಮನ್‌ರನ್ನು ಆಪ್ತ ಮಿತ್ರ ಆಂಬ್ರೋಸ್ ಸೇಂಟ್ ಜಾನ್ ಜೊತೆ ಚಿತ್ರಿಸಿದರು. ಆಕೆಯೂ ಕ್ಯಾಥೊಲಿಕ್ ಆದವರು, ಮುಂದೆ ಸನ್ಯಾಸಿನಿ ಆದರು. 1874ರಲ್ಲಿ ಲೇಡಿ ಕೋಲ್ರಿಜ್ ಬರೆದ ಚಾಕ್ ಚಿತ್ರವೂ ಇದೆ.

ಇನ್ನು ಕೆಂಪು. ನ್ಯೂಮನ್‌ರನ್ನು ಪೋಪ್ 13ನೇ ಲಿಯೊ ಕಾರ್ಡಿನಲ್, ಅಂದರೆ ಪೋಪ್ ನಂತರದ ಹಿರಿಯ ಧರ್ಮಗುರು, ಮಾಡಿದ್ದು 1879ರಲ್ಲಿ, ನ್ಯೂಮನ್‌ರ 78ನೇ ವಯಸ್ಸಿಗೆ. ಕೆಂಪು ಕಾರ್ಡಿನಲ್‌ಗಳ ಬಣ್ಣ. ಹಾಗಾಗಿ ಯಾವುದೇ ಚಿತ್ರದಲ್ಲಿ ನ್ಯೂಮನ್ ಕೆಂಪು ತೊಟ್ಟಿದ್ದರೆ ಅದು ಕೊನೆಯ ಹನ್ನೊಂದು ವರ್ಷದ ಮುಖ ಅಂತ ಕಣ್ಣು ಮುಚ್ಚಿಕೊಂಡು ಹೇಳಬಹುದು. ಅವರು ತೀರಿಕೊಂಡದ್ದು 1890ರ ಆಗಸ್ಟ್ 11ಕ್ಕೆ.

ನೀವು ನೋಡಿದ ಕೆಂಪು ಚಿತ್ರ ಹೆಚ್ಚಾಗಿ ಜಾನ್ ಎವರೆಟ್ ಮಿಲೇ 1881ರಲ್ಲಿ ಬರೆದದ್ದೇ ಇರಬೇಕು. ಜಾಸ್ತಿ ಓಡಾಡುವುದು ಅದೇ. ಬರೆಸಿದವರು ನಾರ್ಫೋಕ್‌ನ ಡ್ಯೂಕ್. ಅದರ ಬಗ್ಗೆ ಮಿಲೇ ಅವರ ಮಗ ಹೇಳಿದ ಒಂದು ಪ್ರಸಂಗ ನನಗಿಷ್ಟ. ಚಿತ್ರಕ್ಕೆ ಕೂರುವ ಕುರ್ಚಿ ಎತ್ತರದ ಜಗಲಿಯ ಮೇಲಿತ್ತು. ಎಂಬತ್ತರ ನ್ಯೂಮನ್ ಹತ್ತಲು ಹಿಂದೆಮುಂದೆ ನೋಡಿದರು. ಮಿಲೇ ಸಲಿಗೆಯಿಂದ, ಹಳೇ ಗೆಳೆಯನನ್ನು ಕರೆದ ಹಾಗೆ, ಹತ್ತಿ ಬನ್ನಿ ಅಂದುಬಿಟ್ಟರು. ಜೊತೆಗೆ ಬಂದಿದ್ದ ಪಾದ್ರಿಗಳು ಬೆಚ್ಚಿಬಿದ್ದರಂತೆ. ಆ ಕೆಂಪು ರೇಷ್ಮೆಯ ವೈಭವದ ನಡುವೆಯೂ ಮುಖ ಮೃದುವಾಗಿರುವುದಕ್ಕೆ ಈ ಸಲಿಗೆಯೂ ಕಾರಣ ಅಂತ ನನಗನ್ನಿಸುತ್ತದೆ. 1889ರಲ್ಲಿ ಸಂಬಂಧಿ ಎಮ್ಮಲೀನ್ ಡೀನ್ ಬರೆದ ಚಿತ್ರದಲ್ಲಿ ಅವರಿಗೆ 88 ಆಗಿತ್ತು.

ಒಂದು ಎಚ್ಚರಿಕೆ. ಆ ಕಾಲದಲ್ಲಿ ಆಂಗ್ಲಿಕನ್ ಪಂಥ ಬಿಟ್ಟು ಕ್ಯಾಥೊಲಿಕ್ ಆಗಿ ಕಾರ್ಡಿನಲ್ ಆದ ಇನ್ನೊಬ್ಬರಿದ್ದರು, ಹೆನ್ರಿ ಎಡ್ವರ್ಡ್ ಮ್ಯಾನಿಂಗ್. ಅವರನ್ನು ಜಿ.ಎಫ್. ವಾಟ್ಸ್ 1882ರಲ್ಲಿ ಚಿತ್ರಿಸಿದ್ದಾರೆ. ಅಲ್ಲೂ ಕೆಂಪು ಬಟ್ಟೆ, ಅಲ್ಲೂ ಮುದುಕರು. ಬಟ್ಟೆ ನೋಡಿ ಮೋಸ ಹೋಗಬೇಡಿ. ಚಿತ್ರಕಾರರ ಹೆಸರು, ಇಸವಿ ಎರಡೂ ಇಲ್ಲದ ಚಿತ್ರವನ್ನು ಡೌನ್‌ಲೋಡ್ ಮಾಡಲೇಬೇಡಿ. ಗ್ಯಾಲರಿಯ ವೆಬ್‌ಸೈಟ್‌ನಲ್ಲೇ ನೋಡಿ, ಬಳಸುವ ನಿಯಮವನ್ನೂ ಓದಿಕೊಳ್ಳಿ.

ಪ್ರಿಂಟ್ ಅಂಗಡಿಯವರು ಮಿರಮಿರ ಮಿಂಚುವ ಗ್ಲಾಸಿ ಪೇಪರ್ ಹಾಕ್ತೀವಿ ಅಂದರೆ ಬೇಡ ಅನ್ನಿ. ಚಾಕ್ ಗೆರೆಗಳಿಗೆ ಮ್ಯಾಟ್ ಪೇಪರೇ ಸರಿ. ಕಾಂಟ್ರಾಸ್ಟ್ ಏರಿಸಬೇಡಿ ಅಂತಲೂ ಹೇಳಿ, ಏರಿಸಿದರೆ ಕಣ್ಣಿನ ಸುತ್ತಲಿನ ನವಿರಾದ ನೆರಳು ಹೊರಟುಹೋಗುತ್ತದೆ. ಕೆಳಗೆ ಹೀಗೆ ಬರೆಸಿ: ‘ಜಾನ್ ಹೆನ್ರಿ ನ್ಯೂಮನ್ (1801–1890). ಚಿತ್ರ: ಜಾರ್ಜ್ ರಿಚ್ಮಂಡ್, 1844. ಹಾಡು ಬರೆದು ಹನ್ನೊಂದು ವರ್ಷದ ಮೇಲೆ.’